ನೀರಿನಿಂದ ಗೇರ್ ಮಾಡಿದ ಹೆರ್ಮನ್ ಫೋಟಿಂಗರ್

ಆಟೊಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಪೆಡಲ್ ಯಾಕಿಲ್ಲ ಅಂತ ಕೇಳಿದ್ರೆ ನಮ್ಮಲ್ಲಿ ಹೆಚ್ಚಿನವರು ಕೊಡೋ ಉತ್ತರ ಒಂದೇ: ಕ್ಲಚ್ಚನ್ನು ಗಾಡಿಯೇ ಒತ್ತಿಕೊಳ್ಳುತ್ತೆ. ಈಗಿನ ಕೆಲವು ಕಾರುಗಳಿಗೆ ಈ ಉತ್ತರ ಸರಿಹೋಗುತ್ತೆ. ಹಳೇ ಆಟೊಮ್ಯಾಟಿಕ್ ಗಾಡಿಗಳಿಗೆ ಹೋಗಲ್ಲ. ಅವುಗಳಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಲೋಹಕ್ಕೆ ಲೋಹ ಕಚ್ಚಿಕೊಳ್ಳೋ ಜೋಡಣೆಯೇ ಇಲ್ಲ, ಇರೋದು ಎಣ್ಣೆ ಮಾತ್ರ. ಸಿಗ್ನಲ್‌ನಲ್ಲಿ ಬ್ರೇಕ್ ತುಳಿದು ನಿಂತಾಗ ಗೇರ್ ಬಿದ್ದೇ ಇರುತ್ತೆ, ಎಂಜಿನ್ ತಿರುಗ್ತಾನೇ ಇರುತ್ತೆ, ಆದ್ರೂ ಎಂಜಿನ್ ಆಫ್ ಆಗಲ್ಲ. ನಡುವೆ ಇರೋ ಎಣ್ಣೆ ಸುಮ್ಮನೆ ಕಡೆದುಕೊಂಡು ಬಿಸಿಯಾಗ್ತಿರುತ್ತೆ. ಈ ಭಾಗದ ಹೆಸರು ಟಾರ್ಕ್ ಕನ್ವರ್ಟರ್. ನಮ್ಮೂರ ರಸ್ತೆ ಅಗೆಯೋ ಜೆಸಿಬಿಯಲ್ಲೂ ಇದೇ ಇರೋದು.

ಇದನ್ನು ಕಂಡುಹಿಡಿದವರು ಕಾರಿಗಾಗಿ ಕಂಡುಹಿಡಿಯಲಿಲ್ಲ, ಅವರ ಕೆಲಸ ಇದ್ದದ್ದು ಹಡಗು ಕಟ್ಟೋ ಕಡೆ. ಹಡಗಿಗೆ ಅಂತ ಮಾಡಿದ ಈ ಯಂತ್ರ ಹಡಗಿನಲ್ಲಿ ಕೆಲವೇ ವರ್ಷಗಳಲ್ಲಿ ಸೋತಿತು. ಯಾವ ಕಾರಣಕ್ಕೆ ಅಲ್ಲಿ ಸೋತಿತೋ ಅದೇ ಗುಣದಿಂದ ರಸ್ತೆಯ ಮೇಲೆ ಗೆದ್ದಿತು. ನಮ್ಮ ಪ್ರಕಾರ ಹೆರ್ಮನ್ ಫೋಟಿಂಗರ್ ಅವರ ಬದುಕಿನಲ್ಲಿ ಗಮನಿಸಬೇಕಾದ್ದು ಇದೇ.

ಫೋಟಿಂಗರ್ ಹುಟ್ಟಿದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ, 1877ರ ಫೆಬ್ರವರಿ 9ರಂದು. 1895ರಿಂದ 1899ರವರೆಗೆ ಮ್ಯೂನಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಓದಿದರು. ಓದಿದ್ದು ಎಲೆಕ್ಟ್ರಿಕಲ್. (ನಮ್ಮ ಇ ಅಂಡ್ ಇ ಗೆಳೆಯರು ಈ ಸಾಲನ್ನು ಮೆಕ್ಯಾನಿಕಲ್‌ನವರಿಗೆ ತೋರಿಸಬಹುದು.) ಓದು ಮುಗಿದ ವರ್ಷವೇ ಬಾಲ್ಟಿಕ್ ಸಮುದ್ರದ ಹತ್ತಿರದ ಸ್ಟೆಟಿನ್ ಊರಿಗೆ ಹೋಗಿ ವಲ್ಕನ್ ಅನ್ನೋ ಹಡಗು ಕಟ್ಟೆ ಸೇರಿದರು. ಆ ಊರು ಈಗ ಪೋಲೆಂಡಿನಲ್ಲಿದೆ, ಹೆಸರೂ ಶ್ಚೆಚಿನ್ ಅಂತ ಬದಲಾಗಿದೆ. ಅಟ್ಲಾಂಟಿಕ್ ದಾಟೋ ವೇಗದಲ್ಲಿ ದಾಖಲೆ ಮಾಡಿದ ಕೈಸರ್ ವಿಲ್ಹೆಲ್ಮ್ ಡೆರ್ ಗ್ರೋಸ ಹಡಗನ್ನು ಕಟ್ಟಿದ್ದು ಇದೇ ವಲ್ಕನ್. ಕೆಲಸ ಕಲಿಯೋ ಹುಡುಗನಿಗೆ ಅದಕ್ಕಿಂತ ದೊಡ್ಡ ಜಾಗ ಆಗ ಜರ್ಮನಿಯಲ್ಲಿ ಹೆಚ್ಚು ಇರಲಿಲ್ಲ.

ಅವರು ಸೇರಿದ ಹೊತ್ತಿಗೆ ಹಡಗಿನ ಎಂಜಿನ್ ಬದಲಾಗೋ ಕಾಲ ಬಂದಿತ್ತು. ಎರಡು ವರ್ಷ ಮುಂಚೆ, 1897ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ತಮ್ಮ ಟರ್ಬೀನಿಯಾ ಅನ್ನೋ ಚಿಕ್ಕ ಹಡಗನ್ನು ರಾಣಿಯ ನೌಕಾ ಪ್ರದರ್ಶನದ ನಡುವೆ ಓಡಿಸಿ ಎಲ್ಲರ ಬಾಯಿ ಮುಚ್ಚಿಸಿದ್ದರು. ಅದರೊಳಗೆ ಪಿಸ್ಟನ್ ಇರಲಿಲ್ಲ, ಸ್ಟೀಮ್ ಟರ್ಬೈನ್ ಇತ್ತು. ಆಮೇಲೆ ಎಲ್ಲ ಹಡಗು ಕಟ್ಟೆಗಳಿಗೂ ಟರ್ಬೈನ್ ಬೇಕಾಯಿತು. ವಲ್ಕನ್‌ನಲ್ಲಿ ಆ ಕೆಲಸ ಬಂದದ್ದು ಫೋಟಿಂಗರ್ ಕೈಗೆ.

ಮೊದಲು ಎದುರಾದದ್ದು ಒಂದು ಸಣ್ಣ ತೊಂದರೆ. ಪಿಸ್ಟನ್ ಎಂಜಿನ್ನಾದ್ರೆ ಸಿಲಿಂಡರ್ ಒಳಗಿನ ಒತ್ತಡವನ್ನು ಕಾಗದದ ಮೇಲೆ ಗೆರೆ ಎಳೆಸಿ, ಆ ಚಿತ್ರದ ವಿಸ್ತೀರ್ಣದಿಂದ ಶಕ್ತಿ ಲೆಕ್ಕ ಹಾಕಬಹುದು. ನಾವು ಥರ್ಮೋ ಪೇಪರ್‌ನಲ್ಲಿ ಓದೋ ಇಂಡಿಕೇಟರ್ ಡಯಾಗ್ರಾಮ್ ಅದೇ. ಟರ್ಬೈನಿನಲ್ಲಿ ಸಿಲಿಂಡರೇ ಇಲ್ಲ. ಹಡಗು ಕೊಂಡವರು ಎಷ್ಟು ಕುದುರೆ ಶಕ್ತಿ ಬರ್ತಿದೆ ಅಂತ ಕೇಳಿದ್ರೆ ತೋರಿಸೋದು ಹೇಗೆ? ಫೋಟಿಂಗರ್ ಶಾಫ್ಟನ್ನೇ ಅಳತೆಗೋಲು ಮಾಡಿಕೊಂಡರು. ಶಕ್ತಿ ಸಾಗಿಸೋ ಶಾಫ್ಟ್ ಸ್ವಲ್ಪ ತಿರುಚಿಕೊಳ್ಳುತ್ತೆ. ಆ ತಿರುಚನ್ನು ಅಳೆದರೆ ಟಾರ್ಕ್ ಗೊತ್ತಾಗುತ್ತೆ, ಅದನ್ನು ವೇಗದಿಂದ ಗುಣಿಸಿದರೆ ಶಕ್ತಿ ಸಿಗುತ್ತೆ. ಕೇಳೋಕೆ ಸುಲಭ. ನಾವು ಒಂದು ಲೆಕ್ಕ ಹಾಕಿ ನೋಡಿದ್ವಿ: 300 ಮಿ.ಮೀ. ವ್ಯಾಸದ, 10 ಮೀಟರ್ ಉದ್ದದ ಉಕ್ಕಿನ ಶಾಫ್ಟ್ 200 ಆರ್‌ಪಿಎಂನಲ್ಲಿ 5000 ಕಿಲೋವ್ಯಾಟ್ ಸಾಗಿಸುವಾಗ ತಿರುಚೋದು ಬರೀ 2 ಡಿಗ್ರಿ ಚಿಲ್ಲರೆ. ತಿರುಗ್ತಾ ಇರೋ ಶಾಫ್ಟಿನ ಮೇಲೆ ಅಷ್ಟನ್ನು ಹಿಡಿಯಬೇಕು. ಅವರು ಶಾಫ್ಟಿನ ಮೇಲೆ ಒಂದು ಕೊಳವೆ ತೊಡಿಸಿ, ಅದರ ಒಂದು ತುದಿಯನ್ನು ಮಾತ್ರ ಬಿಗಿದು, ಇನ್ನೊಂದು ತುದಿ ಶಾಫ್ಟಿಗಿಂತ ಎಷ್ಟು ಹಿಂದೆ ಮುಂದೆ ಆಯಿತು ಅನ್ನೋದನ್ನು ಲಿವರ್‌ಗಳಿಂದ ದೊಡ್ಡದು ಮಾಡಿ ಕಾಗದದ ಮೇಲೆ ಬರೆಸಿದರು. ಈ ಕೆಲಸಕ್ಕೇ ಅವರಿಗೆ ಮ್ಯೂನಿಕ್‌ನಿಂದ ಡಾಕ್ಟರೇಟ್ ಬಂತು.

ದೊಡ್ಡ ತೊಂದರೆ ಬೇರೆಯೇ ಇತ್ತು. ಸ್ಟೀಮ್ ಟರ್ಬೈನ್ ಚೆನ್ನಾಗಿ ಕೆಲಸ ಮಾಡಬೇಕಾದ್ರೆ ಜೋರಾಗಿ ತಿರುಗಬೇಕು, ನಿಮಿಷಕ್ಕೆ ಸಾವಿರಗಳ ಲೆಕ್ಕದಲ್ಲಿ. ಹಡಗಿನ ಪ್ರೊಪೆಲರ್ ಚೆನ್ನಾಗಿ ಕೆಲಸ ಮಾಡಬೇಕಾದ್ರೆ ನಿಧಾನ ತಿರುಗಬೇಕು, ನಿಮಿಷಕ್ಕೆ ನೂರರ ಲೆಕ್ಕದಲ್ಲಿ. ಜೋರಾಗಿ ತಿರುಗಿಸಿದ್ರೆ ನೀರು ಕುದಿದಂತಾಗಿ ಗುಳ್ಳೆ ಏಳುತ್ತೆ, ತಳ್ಳೋ ಬಲ ಹೋಗುತ್ತೆ. ಎರಡನ್ನೂ ಒಂದೇ ಶಾಫ್ಟಿಗೆ ಕಟ್ಟಿದ್ರೆ ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅನ್ನೋ ಹಾಗೆ. ಇದರ ಮೇಲೆ ಇನ್ನೊಂದು: ಟರ್ಬೈನ್ ಹಿಂದಕ್ಕೆ ತಿರುಗಲ್ಲ. ಬಂದರಿನಲ್ಲಿ ಹಡಗನ್ನು ಹಿಂದಕ್ಕೆ ಸರಿಸೋಕೆ ಅಂತಲೇ ಬೇರೆ ಟರ್ಬೈನ್ ಇಟ್ಟುಕೊಂಡು ಉಳಿದ ಸಮಯವೆಲ್ಲಾ ಅದನ್ನು ಹೊತ್ತು ತಿರುಗಬೇಕಿತ್ತು.

ಹಲ್ಲಿನ ಗೇರ್ ಹಾಕಬಹುದಲ್ಲ ಅಂತ ನಮಗೆ ಅನ್ನಿಸುತ್ತೆ. ಆ ಕಾಲದಲ್ಲಿ ಸಾವಿರಾರು ಕುದುರೆ ಶಕ್ತಿಯನ್ನು ಅಷ್ಟು ವೇಗದಲ್ಲಿ ತಡೆದುಕೊಳ್ಳೋ ಗೇರ್ ಹಲ್ಲುಗಳನ್ನು ನಿಖರವಾಗಿ ಕೊರೆಯೋದು ಆಗದ ಮಾತು ಅಂತಲೇ ಹೆಚ್ಚಿನವರು ಭಾವಿಸಿದ್ದರು. ಎಲೆಕ್ಟ್ರಿಕಲ್ ಓದಿದ ಫೋಟಿಂಗರ್ ಮೊದಲು ಯೋಚಿಸಿದ್ದು ಸಹಜವಾಗಿಯೇ ವಿದ್ಯುತ್ತಿನ ದಾರಿ: ಟರ್ಬೈನಿಗೆ ಜನರೇಟರ್ ಕಟ್ಟೋದು, ಪ್ರೊಪೆಲರಿಗೆ ಮೋಟಾರ್ ಕಟ್ಟೋದು. ಲೆಕ್ಕ ಹಾಕಿದ್ರೆ ತೂಕವೂ ಜಾಸ್ತಿ, ದುಡ್ಡೂ ಜಾಸ್ತಿ. ಆಗ ಅವರಿಗೆ ಹೊಳೆದದ್ದು, ಅದೇ ಕೆಲಸವನ್ನು ವಿದ್ಯುತ್ತಿನ ಬದಲು ನೀರಿನಿಂದ ಮಾಡಿದ್ರೆ ಹೇಗೆ ಅಂತ. ಜನರೇಟರ್ ಜಾಗದಲ್ಲಿ ಪಂಪು, ಮೋಟಾರ್ ಜಾಗದಲ್ಲಿ ನೀರಿನ ಟರ್ಬೈನು, ತಂತಿಯ ಜಾಗದಲ್ಲಿ ಕೊಳವೆ.

ಇಲ್ಲಿಗೆ ನಿಂತಿದ್ರೆ ಫೋಟಿಂಗರ್ ಹೆಸರು ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕಂದ್ರೆ ಈ ಲೆಕ್ಕ ಕೂಡೋದಿಲ್ಲ. ಒಳ್ಳೆಯ ಪಂಪಿನ ದಕ್ಷತೆ ಶೇಕಡಾ 85 ಅಂದುಕೊಳ್ಳಿ, ಟರ್ಬೈನಿನದ್ದೂ 85. ಎರಡನ್ನೂ ಗುಣಿಸಿದ್ರೆ 72. ಕೊಳವೆಯಲ್ಲಿ, ತಿರುವುಗಳಲ್ಲಿ ಹೋಗೋದನ್ನು ಕಳೆದ್ರೆ ಇನ್ನೂ ಕಡಿಮೆ. ನೂರು ಮೂಟೆ ಕಲ್ಲಿದ್ದಲಿನಲ್ಲಿ ಮೂವತ್ತಕ್ಕೂ ಹೆಚ್ಚು ಮೂಟೆ ನೀರು ಕಲಕೋಕೇ ಸುಡಬೇಕು ಅಂದ್ರೆ ಯಾವ ಹಡಗು ಕಂಪನಿ ಒಪ್ಪುತ್ತೆ?

ಫೋಟಿಂಗರ್ ಈ ನಷ್ಟ ಎಲ್ಲಿ ಆಗ್ತಿದೆ ಅಂತ ನೋಡಿದರು. ಪಂಪಿನಿಂದ ಹೊರಬರೋ ನೀರು ಜೋರಾಗಿ ಸುತ್ತುತ್ತಾ ಬರುತ್ತೆ. ಅದನ್ನು ಕೊಳವೆಗೆ ಹೋಗಿಸೋಕೆ ನಾವು ಆ ವೇಗವನ್ನು ತಗ್ಗಿಸಿ ಒತ್ತಡ ಮಾಡ್ತೀವಿ. ಆಮೇಲೆ ಟರ್ಬೈನಿನ ಬಾಗಿಲಲ್ಲಿ ಅದೇ ಒತ್ತಡವನ್ನು ಮತ್ತೆ ವೇಗ ಮಾಡ್ತೀವಿ. ಸುಮ್ಮನೆ ಮಾಡಿ ಮುರಿಯೋ ಕೆಲಸ. ನಷ್ಟದ ದೊಡ್ಡ ಪಾಲು ಅಲ್ಲೇ. ಹಾಗಾದ್ರೆ ಕೊಳವೆಯೇ ಯಾಕೆ ಬೇಕು? ಪಂಪಿನ ಚಕ್ರವನ್ನೂ ಟರ್ಬೈನಿನ ಚಕ್ರವನ್ನೂ ಒಂದೇ ಡಬ್ಬಿಯೊಳಗೆ ಎದುರುಬದುರು ಇಟ್ಟು, ಒಂದರಿಂದ ಹೊರಟ ನೀರು ನೇರವಾಗಿ ಇನ್ನೊಂದರೊಳಗೆ ನುಗ್ಗೋ ಹಾಗೆ ಮಾಡಿದರು. ತಿರುಗಿ ಬರೋ ನೀರನ್ನು ಸರಿಯಾದ ಕೋನದಲ್ಲಿ ಪಂಪಿಗೆ ಒಪ್ಪಿಸೋಕೆ ನಡುವೆ ತಿರುಗದೆ ನಿಂತ ರೆಕ್ಕೆಗಳ ಇನ್ನೊಂದು ಚಕ್ರ ಇಟ್ಟರು. ಮೂರೂ ಸೇರಿದ್ರೆ ಒಂದು ದೊಡ್ಡ ಬಳೆಯೊಳಗೆ ನೀರು ಸುತ್ತು ಹಾಕಿದ ಹಾಗೆ. 1905ರ ಜೂನ್‌ನಲ್ಲಿ ಇದಕ್ಕೆ ಜರ್ಮನ್ ಪೇಟೆಂಟ್ ಅರ್ಜಿ ಹೋಯಿತು. ಆಗ ಅವರಿಗೆ 28 ವರ್ಷ.

ಆ ನಿಂತ ಚಕ್ರವೇ, ಅಂದ್ರೆ ನಾವು ಈಗ ಸ್ಟೇಟರ್ ಅನ್ನೋದೇ, ಈ ಯಂತ್ರದ ಜೀವ. ಪಂಪು ಮತ್ತು ಟರ್ಬೈನ್ ಎರಡೇ ಇದ್ರೆ ಒಂದು ಕೊಟ್ಟ ಟಾರ್ಕನ್ನೇ ಇನ್ನೊಂದು ಪಡೆಯುತ್ತೆ, ಜಾಸ್ತಿ ಆಗೋಕೆ ದಾರಿಯಿಲ್ಲ. ನ್ಯೂಟನ್ ಬಿಡಲ್ಲ. ಮೂರನೆಯದೊಂದು ನೆಲಕ್ಕೆ ಕಾಲೂರಿ ನೀರನ್ನು ತಿರುಗಿಸಿ ಕಳಿಸಿದ್ರೆ, ಆ ಕಾಲೂರಿದ ಬಲವೂ ಟರ್ಬೈನಿನ ಲೆಕ್ಕಕ್ಕೆ ಸೇರುತ್ತೆ. ಟರ್ಬೈನಿನ ಟಾರ್ಕ್ ಅಂದ್ರೆ ಪಂಪಿನದ್ದು ಪ್ಲಸ್ ಸ್ಟೇಟರಿನದ್ದು. ಹಲ್ಲೇ ಇಲ್ಲದ ಗೇರ್ ಹುಟ್ಟಿದ್ದು ಹೀಗೆ. ಸ್ಟೇಟರ್ ತೆಗೆದು ಎರಡೇ ಚಕ್ರ ಉಳಿಸಿದ್ರೆ ಅದು ಫ್ಲೂಯಿಡ್ ಕಪ್ಲಿಂಗ್. ಅದೂ ಫೋಟಿಂಗರ್ ಪೇಟೆಂಟಿನ ಕೂಸೇ.

ಒಂದು ಚಿಕ್ಕ ಪರೀಕ್ಷಾ ಹಡಗಿನಲ್ಲಿ ಇದನ್ನು ಕೂರಿಸಿ ನೋಡಿದಾಗ ದಕ್ಷತೆ ಶೇಕಡಾ 80 ದಾಟಿತು. ಹಿಂದಕ್ಕೆ ಹೋಗೋ ಸಮಸ್ಯೆಗೂ ಅಲ್ಲೇ ಉತ್ತರ ಇತ್ತು: ಒಂದೇ ಶಾಫ್ಟಿನ ಮೇಲೆ ಮುಂದಕ್ಕೆ ಒಂದು, ಹಿಂದಕ್ಕೆ ಒಂದು ಅಂತ ಎರಡು ಡಬ್ಬಿ. ಯಾವುದಕ್ಕೆ ನೀರು ತುಂಬಿಸ್ತೀರೋ ಆ ಕಡೆಗೆ ಹಡಗು ಹೋಗುತ್ತೆ, ಇನ್ನೊಂದನ್ನು ಖಾಲಿ ಮಾಡಬೇಕು ಅಷ್ಟೇ. ಸ್ಟೀಮ್ ಟರ್ಬೈನ್ ಮಾತ್ರ ಒಂದೇ ದಿಕ್ಕಿಗೆ ತನ್ನ ಪಾಡಿಗೆ ತಿರುಗ್ತಿರುತ್ತೆ. ನಷ್ಟವಾಗಿ ಬಿಸಿಯಾದ ನೀರನ್ನೂ ಬಿಡಲಿಲ್ಲ, ಬಾಯ್ಲರಿಗೆ ಹೋಗೋ ನೀರನ್ನು ಬೆಚ್ಚಗೆ ಮಾಡೋಕೆ ಬಳಸಿದರು. 1909ರಲ್ಲಿ ಡಾನ್‌ಜಿಗ್‌ನ ತಾಂತ್ರಿಕ ವಿದ್ಯಾಲಯ ಅವರನ್ನು ಪ್ರಾಧ್ಯಾಪಕರಾಗಿ ಕರೆಯಿತು.

1913ರಲ್ಲಿ ವಲ್ಕನ್‌ನವರು ಕೋನಿಗಿನ್ ಲೂಯಿಸ ಅನ್ನೋ ಪ್ರವಾಸಿ ಹಡಗಿಗೆ ಫೋಟಿಂಗರ್ ಯಂತ್ರ ಹಾಕಿ ನೀರಿಗಿಳಿಸಿದರು. ಹ್ಯಾಂಬರ್ಗ್‌ನಿಂದ ಹೆಲಿಗೋಲ್ಯಾಂಡ್ ದ್ವೀಪಕ್ಕೆ ಜನರನ್ನು ಕರೆದುಕೊಂಡು ಹೋಗೋ ಹಡಗು ಅದು. ಒಂದು ಬೇಸಿಗೆ ನೆಮ್ಮದಿಯಾಗಿ ಓಡಿತು. ಮುಂದಿನ ಬೇಸಿಗೆಯಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅದಕ್ಕೆ ಇಂಗ್ಲಿಷ್ ರೈಲ್ವೆ ಕಂಪನಿಯ ಹಡಗಿನ ಬಣ್ಣ ಬಳಿದು, ಸಮುದ್ರದ ಮೈನುಗಳನ್ನು ತುಂಬಿ, ಥೇಮ್ಸ್ ನದಿಯ ಬಾಯಿಯ ಕಡೆಗೆ ಕಳಿಸಿದರು. 1914ರ ಆಗಸ್ಟ್ 5ರಂದು, ಬ್ರಿಟನ್ ಯುದ್ಧಕ್ಕಿಳಿದ ಮರುದಿನವೇ, ಬ್ರಿಟಿಷ್ ನೌಕೆಗಳು ಅಟ್ಟಿಸಿಕೊಂಡು ಹೋಗಿ ಅದನ್ನು ಮುಳುಗಿಸಿದವು. ಆ ಯುದ್ಧದಲ್ಲಿ ಜರ್ಮನ್ ನೌಕಾಪಡೆ ಕಳೆದುಕೊಂಡ ಮೊದಲ ಹಡಗು ಇದು. ಅಟ್ಟಿದವುಗಳಲ್ಲಿ ಒಂದಾದ ಆಂಫಿಯಾನ್ ಮರುದಿನ ಬೆಳಗ್ಗೆ ಅದೇ ಮೈನುಗಳಿಗೆ ತಗುಲಿ ಮುಳುಗಿತು. ನೀರಿನಿಂದ ಎತ್ತಿಕೊಂಡಿದ್ದ ಜರ್ಮನ್ ಕೈದಿಗಳೂ ಅದರೊಳಗಿದ್ದರು.

ಯುದ್ಧ ಇರದಿದ್ದರೂ ಹಡಗಿನಲ್ಲಿ ಫೋಟಿಂಗರ್ ಯಂತ್ರ ಬಹಳ ದಿನ ಉಳೀತಿರಲಿಲ್ಲ. ಆಗದ ಮಾತು ಅಂದುಕೊಂಡಿದ್ದ ಹಲ್ಲಿನ ಗೇರನ್ನು ಅದೇ ಪಾರ್ಸನ್ಸ್ ಮಾಡಿ ತೋರಿಸಿದ್ದರು. 1910ರ ಹೊತ್ತಿಗೆ ವೆಸ್ಪೇಸಿಯನ್ ಅನ್ನೋ ಹಳೇ ಸರಕು ಹಡಗಿನ ಎಂಜಿನ್ ತೆಗೆದು, ಟರ್ಬೈನ್ ಮತ್ತು ಗೇರ್ ಕೂರಿಸಿ ಓಡಿಸಿದರು. ಒಳ್ಳೆಯ ಗೇರಿನಲ್ಲಿ ನಷ್ಟ ಶೇಕಡಾ ಒಂದೆರಡು. ನೀರಿನ ಯಂತ್ರದಲ್ಲಿ ಎಷ್ಟು ತಿದ್ದಿದರೂ ಹತ್ತರ ಆಸುಪಾಸು. ಹಗಲೂ ರಾತ್ರಿ ವಾರಗಟ್ಟಲೆ ಒಂದೇ ವೇಗದಲ್ಲಿ ಓಡೋ ಹಡಗಿಗೆ ಆ ವ್ಯತ್ಯಾಸ ಅಂದ್ರೆ ಕಲ್ಲಿದ್ದಲಿನ ಗುಡ್ಡ. ತೀರ್ಮಾನ ಆಗಿಹೋಯಿತು. ಯುದ್ಧ ಮುಗಿದ ಮೇಲೆ ಹಡಗುಗಳಲ್ಲಿ ಉಳಿದುಕೊಂಡದ್ದು ಎರಡು ಚಕ್ರದ ಕಪ್ಲಿಂಗ್ ಮಾತ್ರ. ಡೀಸೆಲ್ ಎಂಜಿನ್ನಿನ ಜರ್ಕ್ ಗೇರಿನ ಹಲ್ಲಿಗೆ ತಾಗದಿರಲಿ ಅಂತ ವಲ್ಕನ್‌ನ ಗುಸ್ತಾವ್ ಬೌವರ್ ಅದನ್ನು ನಡುವೆ ಇಡೋಕೆ ಶುರು ಮಾಡಿದ್ದರು.

ಫೋಟಿಂಗರ್ ಅಷ್ಟರಲ್ಲಿ ಪೂರ್ತಿ ಮೇಷ್ಟರಾಗಿದ್ದರು. 1924ರಲ್ಲಿ ಬರ್ಲಿನ್ ತಾಂತ್ರಿಕ ವಿದ್ಯಾಲಯಕ್ಕೆ ಹೋದರು. ಅಲ್ಲಿ ಸುಳಿಗಳ ಬಗ್ಗೆ, ಪ್ರೊಪೆಲರ್ ಬಗ್ಗೆ, ಆ ಹಾಳು ಗುಳ್ಳೆಗಳ ಬಗ್ಗೆ ಕೊನೆಯವರೆಗೂ ಕೆಲಸ ಮಾಡಿದರು. ಅವರ ಹೆಸರಿನ ಪೇಟೆಂಟುಗಳು ನೂರಕ್ಕೂ ಹೆಚ್ಚು. ಆದ್ರೆ ಅವರ ದೊಡ್ಡ ಕೂಸು ಅವರ ಕೈ ಬಿಟ್ಟು ಬೇರೆಯವರ ಮನೆಯಲ್ಲಿ ಬೆಳೀತಾ ಇತ್ತು.

ಲಂಡನ್ನಿನಲ್ಲಿ ಹೆರಾಲ್ಡ್ ಸಿಂಕ್ಲೇರ್ ಅನ್ನೋ ಎಂಜಿನಿಯರಿಗೆ ಸಿಟಿ ಬಸ್ಸು ಹೊರಡುವಾಗ ಹೊಡೆಯೋ ಜರ್ಕ್ ಸಹಿಸೋಕೆ ಆಗ್ತಿರಲಿಲ್ಲ. (ನಮ್ಮ ಕಾಲೇಜು ರೂಟಿನಲ್ಲಿ ನಿಂತು ಬರೋರಿಗೆ ಇದನ್ನು ವಿವರಿಸೋದು ಬೇಡ.) ಹಡಗಿನ ಕಪ್ಲಿಂಗನ್ನೇ ಬಸ್ಸಿಗೆ ಹಾಕಿದ್ರೆ ಅಂತ 1926ರಲ್ಲಿ ಬಸ್ ಕಂಪನಿಯವರ ಹತ್ತಿರ ಮಾತಾಡಿದರು. ಅದು ಬೆಳೆದು 1930ರಲ್ಲಿ ಡೈಮ್ಲರ್ ಕಾರುಗಳಲ್ಲಿ ಫ್ಲೂಯಿಡ್ ಫ್ಲೈವೀಲ್ ಆಗಿ ಬಂತು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ 1928ರಲ್ಲಿ ಟ್ರೈಲಾಕ್ ಅನ್ನೋ ಗುಂಪಿನವರು ಇನ್ನೊಂದು ಹೆಜ್ಜೆ ಇಟ್ಟರು. ಸ್ಟೇಟರನ್ನು ಗಟ್ಟಿಯಾಗಿ ಬಿಗಿಯೋ ಬದಲು ಒಂದೇ ಕಡೆಗೆ ತಿರುಗೋ ಫ್ರೀವೀಲ್ ಮೇಲೆ ಕೂರಿಸಿದರು. ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಇರುತ್ತಲ್ಲ, ಅದೇ ತತ್ವ. ಗಾಡಿ ಹೊರಡುವಾಗ ನೀರು ಸ್ಟೇಟರನ್ನು ಹಿಂದಕ್ಕೆ ತಳ್ಳುತ್ತೆ, ಫ್ರೀವೀಲ್ ಬಿಡಲ್ಲ, ಟಾರ್ಕ್ ಹೆಚ್ಚುತ್ತೆ. ಗಾಡಿ ವೇಗ ಹಿಡಿದ ಮೇಲೆ ನೀರಿನ ದಿಕ್ಕು ಬದಲಾಗಿ ಸ್ಟೇಟರಿನ ಬೆನ್ನಿಗೆ ಬಡಿಯುತ್ತೆ, ಆಗ ಅದು ಅಡ್ಡ ನಿಲ್ಲದೆ ಜೊತೆಗೇ ತಿರುಗುತ್ತೆ. ಕನ್ವರ್ಟರ್ ತನ್ನಷ್ಟಕ್ಕೆ ತಾನೇ ಕಪ್ಲಿಂಗ್ ಆಗಿಬಿಡುತ್ತೆ. ಕಾರಿಗೆ ಬೇಕಾದ್ದು ಸರಿಯಾಗಿ ಇದೇ.

ಇಲ್ಲೇ ಲೆಕ್ಕ ತಿರುಗಿಬೀಳೋದು. ಹಡಗಿನಲ್ಲಿ ಜಾರೋದು ಶುದ್ಧ ನಷ್ಟ. ಕಾರಿನಲ್ಲಿ ಹೊರಡೋ ಆ ಕೆಲವು ಸೆಕೆಂಡು ಜಾರಲೇಬೇಕು. ಎಂಜಿನ್ ತಿರುಗ್ತಿದೆ, ಚಕ್ರ ನಿಂತಿದೆ, ನಡುವೆ ಏನೋ ಒಂದು ಜಾರದೆ ವಿಧಿಯಿಲ್ಲ. ಕ್ಲಚ್ ಜಾರಿದ್ರೆ ಸವೆಯುತ್ತೆ. ಎಣ್ಣೆ ಜಾರಿದ್ರೆ ಬಿಸಿಯಾಗುತ್ತೆ, ಆಮೇಲೆ ತಣ್ಣಗಾಗುತ್ತೆ, ಸವೆಯೋಕೆ ಅಲ್ಲಿ ಏನೂ ಇಲ್ಲ. ಫೋಟಿಂಗರ್ ಯಂತ್ರದ ಹಳೇ ಅಪರಾಧವೇ ಇಲ್ಲಿ ಅದರ ಅರ್ಹತೆ.

ಅಮೆರಿಕದಲ್ಲಿ ಜನರಲ್ ಮೋಟರ್ಸ್‌ನವರು 1940ರ ಮಾಡೆಲ್ ಓಲ್ಡ್ಸ್‌ಮೊಬಿಲ್ ಕಾರಿಗೆ ಹೈಡ್ರಾ-ಮ್ಯಾಟಿಕ್ ಹಾಕಿದರು. ಎರಡು ಚಕ್ರದ ಕಪ್ಲಿಂಗ್, ಅದರ ಹಿಂದೆ ತಾನೇ ಬದಲಾಗೋ ನಾಲ್ಕು ಗೇರ್. ದೊಡ್ಡ ಸಂಖ್ಯೆಯಲ್ಲಿ ಮಾರಾಟವಾದ ಮೊದಲ ಪೂರ್ತಿ ಆಟೊಮ್ಯಾಟಿಕ್ ಅದು. ಆ ಹೊತ್ತಿಗೆ ಯುರೋಪಿನಲ್ಲಿ ಎರಡನೇ ಯುದ್ಧ ಶುರುವಾಗಿತ್ತು. ಐದು ವರ್ಷ ಕಳೆದು ಬರ್ಲಿನ್ ನಗರವನ್ನು ಸೋವಿಯತ್ ಸೇನೆ ಸುತ್ತುವರಿದಾಗ ಫೋಟಿಂಗರ್ ನಗರದಲ್ಲೇ ಇದ್ದರು. 1945ರ ಏಪ್ರಿಲ್ 28ರಂದು ಶೆಲ್ಲಿನ ಚೂರು ತಗುಲಿ ತೀರಿಕೊಂಡರು. ವಯಸ್ಸು 68. ಇನ್ನು ನಾಲ್ಕೇ ದಿನಕ್ಕೆ ನಗರ ಶರಣಾಯಿತು. ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ದ್ರವ ಚಲನಶಾಸ್ತ್ರದ ಸಂಸ್ಥೆಗೆ ಆಮೇಲೆ ಅವರ ಹೆಸರಿಟ್ಟರು.

ಅವರು ಹೋದ ಮೂರು ವರ್ಷಕ್ಕೆ, 1948ರಲ್ಲಿ, ಬ್ಯೂಕ್ ಕಾರುಗಳಿಗೆ ಡೈನಾಫ್ಲೋ ಬಂತು. ಇದು ಕಪ್ಲಿಂಗ್ ಅಲ್ಲ, ನಿಜವಾದ ಟಾರ್ಕ್ ಕನ್ವರ್ಟರ್. 1950ರಲ್ಲಿ ಷೆವರ್ಲೆಗೆ ಪವರ್‌ಗ್ಲೈಡ್ ಬಂತು. ಇವೆರಡೂ ಶುರುವಿನಲ್ಲಿ ಗೇರ್ ಬದಲಾಯಿಸೋ ಗೊಡವೆಗೇ ಹೋಗ್ತಿರಲಿಲ್ಲ. ನೇರ ಟಾಪ್ ಗೇರಿನಲ್ಲೇ ಹೊರಟು, ಟಾರ್ಕ್ ಹೆಚ್ಚಿಸೋ ಭಾರವೆಲ್ಲ ಕನ್ವರ್ಟರ್ ಮೇಲೆ ಹಾಕ್ತಿದ್ದವು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಗೋವು, ಪೆಟ್ರೋಲೂ ಹಾಗೇ ಹೋಗೋದು. 1953ರಿಂದ ಪವರ್‌ಗ್ಲೈಡ್ ಲೋ ಗೇರಿನಲ್ಲಿ ಹೊರಟು ತಾನೇ ಟಾಪಿಗೆ ಬೀಳೋ ಹಾಗೆ ಆಯಿತು. ವೇಗ ಹಿಡಿದ ಮೇಲೆ ಉಳಿಯೋ ಜಾರುವಿಕೆಯನ್ನೂ ತೆಗೆಯೋಕೆ ಪ್ಯಾಕರ್ಡ್‌ನವರು 1949ರಲ್ಲೇ ಕನ್ವರ್ಟರಿನೊಳಗೆ ಲಾಕ್-ಅಪ್ ಕ್ಲಚ್ ಇಟ್ಟಿದ್ದರು. ಪೆಟ್ರೋಲ್ ತುಟ್ಟಿಯಾದ 1970ರ ದಶಕದ ಕೊನೆಯಲ್ಲಿ ಕ್ರೈಸ್ಲರ್ ಅದನ್ನು ಮತ್ತೆ ತಂದಿತು, ಈಗ ಎಲ್ಲರಲ್ಲೂ ಇದೆ. ಹಡಗಿನವರು ಹೇಳಿದ್ದ ಆಕ್ಷೇಪಣೆಗೆ ಕಾರಿನವರು ಉತ್ತರ ಕೊಟ್ಟದ್ದು ಹೀಗೆ.

ಇಂಥ ಹಳೇ ಗಾಡಿಯೊಂದು ಕೈಗೆ ಸಿಕ್ಕರೆ ಫೋಟಿಂಗರ್ ಕೆಲಸವನ್ನು ಪುಸ್ತಕ ಇಲ್ಲದೆಯೂ ಓದಬಹುದು. ಕೆಟ್ಟ ಆಟೊಮ್ಯಾಟಿಕ್ ಅಂದ ತಕ್ಷಣ ಗೇರ್‌ಬಾಕ್ಸ್ ಇಳಿಸೋದು ದಡ್ಡತನ. ಅರ್ಧಕ್ಕರ್ಧ ತೊಂದರೆ ಹೊರಗಡೆಯೇ ಸಿಗುತ್ತೆ. ಮೊದಲು ಎಣ್ಣೆ. ಗಾಡಿ ಸಮತಟ್ಟು ಜಾಗದಲ್ಲಿರಬೇಕು, ಎಣ್ಣೆ ಬಿಸಿಯಾಗಿರಬೇಕು, ಎಂಜಿನ್ ಓಡ್ತಿರುವಾಗಲೇ ಡಿಪ್‌ಸ್ಟಿಕ್ ನೋಡಬೇಕು. ಕೆಂಪಾಗಿದ್ರೆ ಸರಿ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದ್ರೆ ಒಳಗೆ ಕ್ಲಚ್ಚೋ ಬ್ಯಾಂಡೋ ಉರಿದಿದೆ. ಕಡಿಮೆಯಿದ್ರೆ ಪಂಪು ಗಾಳಿ ಎಳೆದು ಗೇರ್ ಜಾರುತ್ತೆ. ಜಾಸ್ತಿಯಿದ್ರೂ ಜಾರುತ್ತೆ, ಯಾಕಂದ್ರೆ ತಿರುಗೋ ಗೇರುಗಳು ಎಣ್ಣೆಯನ್ನು ಕಡೆದು ನೊರೆ ಮಾಡ್ತವೆ.

ಆಮೇಲೆ ವ್ಯಾಕ್ಯೂಮ್. 1960ರ ದಶಕದ ಅಲ್ಯೂಮಿನಿಯಂ ಪವರ್‌ಗ್ಲೈಡ್‌ನಲ್ಲಿ ಎಂಜಿನ್ ಮೇಲೆ ಎಷ್ಟು ಭಾರ ಇದೆ ಅಂತ ಗೇರ್‌ಬಾಕ್ಸಿಗೆ ಹೇಳೋದು ಮಾಡ್ಯುಲೇಟರ್ ಅನ್ನೋ ಒಂದು ಡಬ್ಬಿ. ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಅದಕ್ಕೊಂದು ರಬ್ಬರ್ ಪೈಪು ಬರುತ್ತೆ. ಪೈಪು ಸೀಳಿದ್ರೆ ಗೇರ್‌ಬಾಕ್ಸ್ ಯಾವಾಗಲೂ ಘಾಟಿ ಹತ್ತುತ್ತಿದ್ದೇವೆ ಅಂದುಕೊಂಡು ಒದ್ದ ಹಾಗೆ ಗೇರ್ ಬದಲಾಯಿಸುತ್ತೆ. ಡಬ್ಬಿಯೊಳಗಿನ ಪೊರೆ ಹರಿದ್ರೆ ಎಂಜಿನ್ ಆ ಪೈಪಿನಲ್ಲೇ ಗೇರ್ ಎಣ್ಣೆ ಕುಡಿಯುತ್ತೆ, ಹಿಂದೆ ಹೊಗೆ ಬರುತ್ತೆ, ಕೆಳಗೆ ಎಲ್ಲೂ ಸೋರದಿದ್ರೂ ಎಣ್ಣೆ ಕಡಿಮೆಯಾಗ್ತಾ ಹೋಗುತ್ತೆ. ಪೈಪು ಕಿತ್ತು ನೋಡಿದ್ರೆ ಒಳಗೆ ಎಣ್ಣೆ ಇರುತ್ತೆ. ಗೇರ್‌ಬಾಕ್ಸ್ ಇಳಿಸೋ ಖರ್ಚಿನ ಮುಂದೆ ಆ ಡಬ್ಬಿಯ ಬೆಲೆ ಏನೂ ಅಲ್ಲ.

ಮೂರನೆಯದು ಬ್ಯಾಂಡ್. ಲೋ ಗೇರಿನಲ್ಲಿ ಒಂದು ಡ್ರಮ್ಮನ್ನು ಸುತ್ತಿ ಹಿಡಿಯೋ ಉಕ್ಕಿನ ಪಟ್ಟಿ ಅದು. ಸವೆದು ಸಡಿಲ ಆದ್ರೆ ಜಾರುತ್ತೆ. ಹೊರಗಿನಿಂದಲೇ ಬಿಗಿಯೋಕೆ ಒಂದು ಸ್ಕ್ರೂ ಮತ್ತು ಲಾಕ್ ನಟ್ ಇರ್ತವೆ. ಅಲ್ಯೂಮಿನಿಯಂ ಪವರ್‌ಗ್ಲೈಡ್‌ಗೆ ಲೆಕ್ಕ ಇದು: ಗೇರ್ ನ್ಯೂಟ್ರಲ್‌ನಲ್ಲಿಟ್ಟು, ನಟ್ ಸಡಿಲಿಸಿ, ಸ್ಕ್ರೂವನ್ನು 70 ಇಂಚು-ಪೌಂಡಿಗೆ, ಅಂದ್ರೆ ಸುಮಾರು 8 ನ್ಯೂಟನ್ ಮೀಟರಿಗೆ ಬಿಗಿದು, ಅಲ್ಲಿಂದ ಸರಿಯಾಗಿ 4 ಸುತ್ತು ಹಿಂದಕ್ಕೆ ತಿರುಗಿಸಬೇಕು. ಬ್ಯಾಂಡ್ 6000 ಮೈಲಿಗಿಂತ ಕಡಿಮೆ ಓಡಿದ್ರೆ 3 ಸುತ್ತು. ಸ್ಕ್ರೂ ತಿರುಗದ ಹಾಗೆ ಹಿಡಿದುಕೊಂಡೇ ನಟ್ ಬಿಗಿಯಬೇಕು. ಟಾರ್ಕ್ ವ್ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಮಾಡೋರೂ ಇದ್ದಾರೆ, ನಾವು ಅದನ್ನು ಒಪ್ಪಲ್ಲ. ಅತಿ ಬಿಗಿಯಾದ್ರೆ ಟಾಪ್ ಗೇರಿನಲ್ಲೂ ಬ್ಯಾಂಡ್ ಉಜ್ಜುತ್ತಾ ಸುಟ್ಟುಹೋಗುತ್ತೆ.

ಕೊನೆಯದು ಸ್ಟಾಲ್ ಟೆಸ್ಟ್. ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೂರ್ತಿ ತುಳಿದು, ಗೇರ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಎಂಜಿನ್ ಎಷ್ಟು ಆರ್‌ಪಿಎಂವರೆಗೆ ಹೋಗಿ ನಿಲ್ಲುತ್ತೆ ಅಂತ ನೋಡೋದು. ಗಾಡಿಯ ಮುಂದೆ ಯಾರೂ ನಿಲ್ಲಬಾರದು. 5 ಸೆಕೆಂಡಿಗಿಂತ ಜಾಸ್ತಿ ಒತ್ತಬಾರದು ಅಂತ ಹಲವು ಮ್ಯಾನ್ಯುಯಲ್‌ಗಳಲ್ಲಿ ಇರುತ್ತೆ. ಯಾಕೆ 5? ಎಂಜಿನ್ 2000 ಆರ್‌ಪಿಎಂನಲ್ಲಿ 280 ನ್ಯೂಟನ್ ಮೀಟರ್ ಕೊಡ್ತಿದೆ ಅಂದುಕೊಳ್ಳಿ. ಅದು 58 ಕಿಲೋವ್ಯಾಟ್ ಚಿಲ್ಲರೆ. ಚಕ್ರ ತಿರುಗ್ತಿಲ್ಲ, ಹಾಗಾಗಿ ಅಷ್ಟೂ ಎಣ್ಣೆಗೆ ಶಾಖ. ಕನ್ವರ್ಟರಿನಲ್ಲಿ 5 ಲೀಟರ್ ಎಣ್ಣೆ ಇದ್ರೆ, ಬೇರೆಡೆಗೆ ಶಾಖ ಹೋಗದಿದ್ರೆ, ಸೆಕೆಂಡಿಗೆ ಸುಮಾರು 7 ಡಿಗ್ರಿ ಏರುತ್ತೆ. ಐದು ಸೆಕೆಂಡಿಗೆ 35. ಹಡಗಿನವರು ಬೇಡ ಅಂದ ಶಾಖ ಇದೇ. ಒಂದು ಸಲ ಮಾಡಿದ ಮೇಲೆ ನ್ಯೂಟ್ರಲ್‌ಗೆ ತಂದು ಎಣ್ಣೆ ಸುತ್ತಿ ತಣ್ಣಗಾಗೋಕೆ ಬಿಡಬೇಕು.

ಬಂದ ಆರ್‌ಪಿಎಂ ಆ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರೋದಕ್ಕಿಂತ ಜಾಸ್ತಿಯಾದ್ರೆ ಎಣ್ಣೆಯ ಆಚೆ, ಗೇರ್‌ಬಾಕ್ಸಿನಲ್ಲಿ ಏನೋ ಜಾರ್ತಿದೆ. ಪವರ್‌ಗ್ಲೈಡ್‌ನಲ್ಲಿ ಮುಂದಿನ ಗೇರಿನಲ್ಲಿ ಮಾತ್ರ ಜಾಸ್ತಿ ಬಂದು ರಿವರ್ಸ್‌ನಲ್ಲಿ ಸರಿಯಿದ್ರೆ ಮೊದಲ ಅನುಮಾನ ಲೋ ಬ್ಯಾಂಡಿನ ಮೇಲೆ, ಯಾಕಂದ್ರೆ ರಿವರ್ಸ್‌ಗೆ ಬೇರೆ ಕ್ಲಚ್ ಇದೆ. ಆರ್‌ಪಿಎಂ ಸ್ವಲ್ಪ ಕಡಿಮೆಯಾದ್ರೆ ಎಂಜಿನ್ ಬಡವಾಗಿದೆ, ಪ್ಲಗ್ಗು ಟೈಮಿಂಗು ನೋಡಿ. ಮೂರನೇ ಒಂದು ಭಾಗದಷ್ಟು ಕುಸಿದಿದ್ರೆ ಟ್ರೈಲಾಕ್‌ನವರ ಫ್ರೀವೀಲ್ ಹಿಡೀತಿಲ್ಲ ಅಂತ ಅನುಮಾನಿಸಬೇಕು. ಸ್ಟೇಟರ್ ಕಾಲೂರದೆ ಹಿಂದಕ್ಕೆ ತಿರುಗ್ತಿದೆ, ನೀರು ತಪ್ಪು ಕೋನದಲ್ಲಿ ಪಂಪಿಗೆ ಬಡಿದು ಎಂಜಿನ್ನನ್ನೇ ತಡೆಯುತ್ತೆ, ಟಾರ್ಕ್ ಹೆಚ್ಚೋದು ನಿಂತಿದೆ. ಖಚಿತ ಮಾಡಿಕೊಳ್ಳೋಕೆ ಹೈವೇಗೆ ಹೋಗಬೇಕು. ಎಲ್ಲ ವೇಗದಲ್ಲೂ ಗಾಡಿ ಸೊರಗಿದ್ರೆ ಎಂಜಿನ್. ಹೊರಡುವಾಗ ಮಾತ್ರ ತೆವಳಿ ಆಮೇಲೆ ಚೆನ್ನಾಗಿ ಓಡಿದ್ರೆ ಸ್ಟೇಟರ್. ಚೆನ್ನಾಗಿ ಹೊರಟು ಮೇಲಿನ ವೇಗದಲ್ಲಿ ಉಸಿರುಕಟ್ಟಿ ಬಿಸಿಯಾದ್ರೂ ಸ್ಟೇಟರೇ, ಆದ್ರೆ ಫ್ರೀವೀಲ್ ಈ ಸಲ ಜಾಮ್ ಆಗಿದೆ. ಎರಡರಲ್ಲೂ ಕನ್ವರ್ಟರ್ ಬದಲಾಯಿಸಬೇಕು. ಅದನ್ನು ಬೆಸುಗೆ ಹಾಕಿ ಮುಚ್ಚಿರ್ತಾರೆ, ಸ್ಪ್ಯಾನರ್ ಹಾಕಿ ಬಿಚ್ಚೋಕೆ ಬರಲ್ಲ.